ಹಾಪ್ಸ್ ಘಮ ಉಳಿಸಿಕೊಳ್ಳುವುದು: ಮನೆಯಲ್ಲಿ ಪೇಲ್ ಏಲ್

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಒಂದೇ ಬಗೆಯ ಬಿಯರಿನದು: ಅಮೆರಿಕನ್ ಪೇಲ್ ಏಲ್. ಒರೆಗಾನ್ ರಾಜ್ಯದ ಕಾರ್ವಾಲಿಸ್‌ನಲ್ಲಿ ರೂಪುಗೊಂಡ ಕ್ಯಾಸ್ಕೇಡ್ ಎಂಬ ಹಾಪ್ಸ್ (ಬಿಯರಿಗೆ ಕಹಿ, ಘಮ ಕೊಡುವ ಹೂ) ತಳಿ 1972ರಲ್ಲಿ ಬೆಳೆಗಾರರ ಕೈಗೆ ಬಂತು. 1980ರಲ್ಲಿ ನಾವಿರುವ ಇದೇ ಕ್ಯಾಲಿಫೋರ್ನಿಯಾದ ಚಿಕೋ ಊರಿನ ಸಿಯೆರಾ ನೆವಾಡಾ ಬ್ರೂವರಿಯವರು ಅದನ್ನು ಧಾರಾಳವಾಗಿ ಬಳಸಿ ತಮ್ಮ ಪೇಲ್ ಏಲ್ ತೆಗೆದರು. ಚಕ್ಕೋತದ ಸಿಪ್ಪೆ ತರಚಿದಾಗ ಬರುವಂಥ ಆ ವಾಸನೆಯೇ ಈ ಬಗೆಯ ಗುರುತಾಗಿ ನಿಂತಿತು.

ಕಾನೂನಿನ ಮಾತು ಮೊದಲೇ ಮುಗಿಸಿಬಿಡೋಣ. 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾಯ್ದೆಯಿಂದಾಗಿ ಇಲ್ಲಿ ಅಮೆರಿಕದಲ್ಲಿ ಮನೆಬಳಕೆಗೆ ಬಿಯರ್ ಮಾಡಬಹುದು. ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿಯಿದ್ದರೆ 200 ಗ್ಯಾಲನ್, ಮಾರುವ ಹಾಗಿಲ್ಲ. ರಜೆಗೆ ಕರ್ನಾಟಕದ ಊರಿಗೆ ಹೋದಾಗ ಅಲ್ಲೂ ಮಾಡಿ ತೋರಿಸುವ ಉತ್ಸಾಹ ಬೇಡ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ.

ಮನೆಯ ಪೇಲ್ ಏಲ್ ಬಗ್ಗೆ ಸದಾ ಕೇಳಿಬರುವ ದೂರು ಒಂದಿದೆ. ಮೊದಲ ವಾರ ಘಮಘಮ ಅಂದದ್ದು ತಿಂಗಳು ಕಳೆಯುವಷ್ಟರಲ್ಲಿ ಸಪ್ಪೆ, ಬಣ್ಣವೂ ಕಂದು. ಮುಂದಿನ ಸಲ ಇನ್ನೊಂದು ಪೊಟ್ಟಣ ಹಾಪ್ಸ್ ಸುರಿಯುತ್ತಾರೆ, ಫಲ ಅಷ್ಟೇ. ಬಹುಪಾಲು ಕಳ್ಳ ಆಮ್ಲಜನಕ. ಅದು ಒಳಗೆ ನುಗ್ಗುವುದು ಯೀಸ್ಟ್ ಕೆಲಸ ಮುಗಿಸಿದ ಮೇಲೆ, ನಾವು ಅವಸರದಲ್ಲಿ ಬಾಟಲಿ ತುಂಬುವಾಗ. ಆದ್ದರಿಂದ ಒಲೆಯ ಕೆಲಸವನ್ನು ಬೇಗ ಹೇಳಿ ಮುಗಿಸುತ್ತೇನೆ.

ಲೆಕ್ಕ ಹೀಗೆ: 40 ಲೀಟರಿನ ಪಾತ್ರೆ, ಒಂದು ದೊಡ್ಡ ಬಲೆ ಚೀಲ, 29 ಲೀಟರ್ ನೀರು. ಟೂ-ರೋ ಪೇಲ್ ಮಾಲ್ಟ್ (ಮೊಳೆಸಿ ಒಣಗಿಸಿದ ಬಾರ್ಲಿ) 4.5 ಕಿಲೋ, ಕ್ರಿಸ್ಟಲ್ 40 ಮಾಲ್ಟ್ 350 ಗ್ರಾಂ. ಕ್ರಿಸ್ಟಲ್ ಇದಕ್ಕಿಂತ ಹೆಚ್ಚಾದರೆ ಸಿಹಿ ನಾಲಿಗೆಗೆ ಅಂಟಿಕೊಂಡು ಹಾಪ್ಸ್ ಮಂಕಾಗುತ್ತದೆ. ನಲ್ಲಿ ನೀರಾದರೆ ಅರ್ಧ ಕ್ಯಾಂಪ್ಡೆನ್ ಮಾತ್ರೆ ಪುಡಿ ಮಾಡಿ ಹಾಕಿ. ನಲ್ಲಿ ನೀರಿಗೆ ಬೆರೆಸುವ ಕ್ಲೋರಮಿನ್ ಉಳಿದರೆ ಬಿಯರಿಗೆ ಗಾಯಕ್ಕೆ ಹಚ್ಚುವ ಪ್ಲಾಸ್ಟರಿನ ವಾಸನೆ ಬರುತ್ತದೆ, ಆಮೇಲೆ ಅದಕ್ಕೆ ಮದ್ದಿಲ್ಲ. ನಿಮ್ಮ ನೀರು ತೀರಾ ಮೆದುವಾಗಿದ್ದರೆ 7 ಗ್ರಾಂ ಜಿಪ್ಸಮ್, 2 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿ. ಇದರಿಂದ ಲೀಟರಿಗೆ ಸುಮಾರು 135 ಮಿಲಿಗ್ರಾಂ ಸಲ್ಫೇಟ್ ಸಿಗುತ್ತದೆ. ಕಹಿ ಚುರುಕಾಗಿ ಬಂದು, ಬಾಯಲ್ಲಿ ಉಳಿಯದೆ ಹೋಗುವುದು ಸಲ್ಫೇಟ್‌ನ ದೆಸೆಯಿಂದ.

ನೀರನ್ನು 69 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಒಡೆದ ಮಾಲ್ಟನ್ನು ಚೀಲದೊಳಗೆ ಗಂಟಾಗದಂತೆ ಕಲಸಿದರೆ ಬಿಸಿ 66ರ ಹತ್ತಿರ ನಿಲ್ಲುತ್ತದೆ. ಪಾತ್ರೆಗೆ ಕಂಬಳಿ ಸುತ್ತಿ ಒಂದು ಗಂಟೆ ಬಿಡಿ. 70 ದಾಟಿದರೆ ಯೀಸ್ಟ್ ತಿನ್ನಲಾಗದ ಸಕ್ಕರೆ ಹೆಚ್ಚಾಗಿ ಬಿಯರ್ ಭಾರವಾಗುತ್ತದೆ. ಚೀಲ ಎತ್ತಿ, ಸೋರಲು ಬಿಟ್ಟು, ಉಳಿದ ರಸವನ್ನು, ಅಂದರೆ ವರ್ಟನ್ನು, ಮುಚ್ಚಳ ತೆಗೆದಿಟ್ಟು ಒಂದು ಗಂಟೆ ಕುದಿಸಿ. ಮುಚ್ಚಿ ಕುದಿಸಿದರೆ ಬೇಯಿಸಿದ ಜೋಳದ ವಾಸನೆ ಉಳಿದುಕೊಳ್ಳುತ್ತದೆ. ಮೊದಲ ನೊರೆ ಏಳುವಾಗ ಒಲೆಯ ಹತ್ತಿರವೇ ಇರಿ. ಉಕ್ಕಿತೆಂದರೆ ಸ್ಟೌ ತೊಳೆಯುವುದರಲ್ಲಿ ಅರ್ಧ ದಿನ ಹೋಗುತ್ತದೆ.

ಹಾಪ್ಸ್‌ನಲ್ಲಿ ಎರಡು ಬೇರೆ ಸರಕುಗಳಿವೆ. ಕಹಿ ಕೊಡುವ ಆಲ್ಫಾ ಆಮ್ಲ ಚೆನ್ನಾಗಿ ಕುದಿದರೆ ಮಾತ್ರ ಕರಗುತ್ತದೆ. ಘಮ ಕೊಡುವ ಎಣ್ಣೆ ಕುದಿತದಲ್ಲಿ ಹಬೆಯೊಂದಿಗೆ ಹಾರಿಹೋಗುತ್ತದೆ. ಸಾರಿಗೆ ಕೊತ್ತಂಬರಿ ಸೊಪ್ಪನ್ನು ಇಳಿಸುವ ಹೊತ್ತಿಗೆ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುದಿ ಬಂದ ಕೂಡಲೇ 12 ಶೇಕಡಾ ಆಲ್ಫಾ ಇರುವ ಮ್ಯಾಗ್ನಮ್ ಹಾಪ್ಸ್ 15 ಗ್ರಾಂ. ಇದು ಬರೀ ಕಹಿಗೆ. ಮುಗಿಯಲು 10 ನಿಮಿಷ ಇರುವಾಗ ಕ್ಯಾಸ್ಕೇಡ್ 30 ಗ್ರಾಂ. ಒಲೆ ಆರಿಸಿ, ತಾಮ್ರದ ಸುರುಳಿಯಲ್ಲಿ ತಣ್ಣೀರು ಹರಿಸಿ 80 ಡಿಗ್ರಿಗೆ ಇಳಿಸಿದ ಮೇಲೆ ಕ್ಯಾಸ್ಕೇಡ್, ಸೆಂಟೆನಿಯಲ್ ಎಂಬ ಇನ್ನೊಂದು ಹಾಪ್ಸ್ ತಲಾ 25 ಗ್ರಾಂ ಹಾಕಿ 20 ನಿಮಿಷ ಆಗಾಗ ತಿರುಗಿಸಿ. ಆ ಬಿಸಿಯಲ್ಲಿ ಕಹಿ ಬಲು ನಿಧಾನವಾಗಿ ಏರುತ್ತದೆ, ಎಣ್ಣೆ ಹೆಚ್ಚು ಉಳಿಯುತ್ತದೆ. ಕುದಿಯುತ್ತಿರುವಾಗಲೇ ಇದನ್ನೂ ಸುರಿದರೆ ಲೆಕ್ಕಕ್ಕೆ ಸಿಗದ ಕಹಿ ಬರುತ್ತದೆ. ಪೊಟ್ಟಣದ ಮೇಲಿನ ಆಲ್ಫಾ ಅಂಕಿ ಬೇರೆಯಾಗಿದ್ದರೆ ಮ್ಯಾಗ್ನಮ್ ತೂಕವನ್ನು ಅದೇ ಅನುಪಾತದಲ್ಲಿ ಬದಲಿಸಿ.

ಇಲ್ಲಿಂದ ಮುಂದೆ ಬಿಯರಿಗೆ ತಗಲುವ ಪ್ರತಿಯೊಂದನ್ನೂ ಸ್ಯಾನಿಟೈಸರಿನಲ್ಲಿ ಅದ್ದಬೇಕು. ಸ್ಟಾರ್ ಸ್ಯಾನ್ ಆದರೆ 19 ಲೀಟರ್ ನೀರಿಗೆ 30 ಮಿಲಿ ಸಾಕು, ನೊರೆಗೆ ಹೆದರಬೇಡಿ. ವರ್ಟನ್ನು 18 ಡಿಗ್ರಿಗೆ ತಂದು ಹುದುಗಿಸುವ ಪಾತ್ರೆಗೆ, ಅಂದರೆ ಫರ್ಮೆಂಟರಿಗೆ, ಸುರಿಯಿರಿ. 19ರಿಂದ 20 ಲೀಟರ್ ಸಿಗುತ್ತದೆ, ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 1.052ರ ಆಸುಪಾಸು ತೋರಿಸಬೇಕು. ಗಾಳಿ ಬೇಕಾದದ್ದು ಈ ಒಂದು ಹೊತ್ತಿನಲ್ಲಿ ಮಾತ್ರ, ಹಾಗಾಗಿ ಚಿಮ್ಮುವಂತೆ ಸುರಿದರೂ ಅಡ್ಡಿಯಿಲ್ಲ. ಯುಎಸ್-05 ಯೀಸ್ಟ್ ಒಂದು ಪೊಟ್ಟಣ, 11.5 ಗ್ರಾಂ. ಮೊದಲ ಮೂರು ದಿನ ಒಳಗಿನ ಬಿಸಿ ಕೋಣೆಗಿಂತ ಮೂರು ನಾಲ್ಕು ಡಿಗ್ರಿ ಮೇಲಿರುತ್ತದೆ. ಕೋಣೆಯ ಥರ್ಮಾಮೀಟರ್ ನೋಡಿ ಸಮಾಧಾನಪಟ್ಟುಕೊಳ್ಳುವುದು ಸಲ್ಲ. ಫರ್ಮೆಂಟರನ್ನು ನೀರಿನ ಟಬ್ಬಿನಲ್ಲಿಟ್ಟು, ಐಸ್ ಬಾಟಲಿ ಬದಲಿಸುತ್ತ 18–19ರಲ್ಲಿ ಹಿಡಿದಿಡಿ. 23–24 ದಾಟಿದರೆ ಹಣ್ಣಿನ ವಾಸನೆ, ಗಂಟಲು ಸುಡುವ ಆಲ್ಕೋಹಾಲ್ ಎರಡೂ ಬಂದು ಹಾಪ್ಸ್ ಹಿಂದೆ ಸರಿಯುತ್ತದೆ.

ಇನ್ನು ಡ್ರೈ ಹಾಪ್, ಅಂದರೆ ತಣ್ಣಗಿನ ಬಿಯರಿಗೇ ಹಾಪ್ಸ್ ಹಾಕುವುದು. ಪೂರ್ತಿ ಮುಗಿಯಲಿ ಅಂತ ಕಾಯುವವರೇ ಹೆಚ್ಚು. ನನ್ನ ಸಲಹೆ ಬೇರೆ: ಹೈಡ್ರೋಮೀಟರ್ 1.015ಕ್ಕೆ ಇಳಿದಾಗ, ಸಾಧಾರಣ ನಾಲ್ಕೈದನೇ ದಿನ, ಮುಚ್ಚಳ ಬೇಗ ತೆಗೆದು ಕ್ಯಾಸ್ಕೇಡ್, ಸೆಂಟೆನಿಯಲ್ ಪೆಲೆಟ್ ತಲಾ 40 ಗ್ರಾಂ ಹಾಕಿ ಮುಚ್ಚಿ. ಯೀಸ್ಟ್ ಇನ್ನೂ ಚುರುಕಾಗಿರುವುದರಿಂದ ಮುಚ್ಚಳ ತೆಗೆದಾಗ ಹೊಕ್ಕ ಆಮ್ಲಜನಕವನ್ನು ಅದೇ ತಿಂದುಬಿಡುತ್ತದೆ. ಮೂರು ದಿನ ಸಾಕು. ವಾರಗಟ್ಟಲೆ ಬಿಟ್ಟರೆ ಘಮ ಏರುವುದಿಲ್ಲ, ಹಸಿ ಹುಲ್ಲಿನ ರುಚಿ ಬರುತ್ತದೆ.

ಒಂದು ಅಪಾಯವನ್ನು ಒತ್ತಿ ಹೇಳಬೇಕು. ಹಾಪ್ಸ್‌ನಲ್ಲೂ ಕಿಣ್ವಗಳಿವೆ. ಯೀಸ್ಟಿಗೆ ಒಗ್ಗದ ಡೆಕ್ಸ್‌ಟ್ರಿನ್ನುಗಳನ್ನು ಅವು ತುಂಡರಿಸಿ ಸಕ್ಕರೆ ಮಾಡಿ ಕೊಡುತ್ತವೆ, ನಿಂತ ಹುದುಗು ಮತ್ತೆ ಶುರುವಾಗುತ್ತದೆ. ಇದಕ್ಕೆ ಹಾಪ್ ಕ್ರೀಪ್ ಎನ್ನುತ್ತಾರೆ. 1.014ರಲ್ಲಿ ಬಾಟಲಿಗೆ ತುಂಬಿ, ಅದು ಒಳಗೇ 1.011ಕ್ಕೆ ಇಳಿಯಿತು ಅನ್ನಿ. 0.001ರ ಪ್ರತಿ ಇಳಿತಕ್ಕೆ ಸುಮಾರು ಅರ್ಧ ವಾಲ್ಯೂಮ್, ಅಂದರೆ ಬಿಯರಿನ ಅರ್ಧ ಗಾತ್ರದಷ್ಟು, ಅನಿಲ. ಹಾಕಿದ ಸಕ್ಕರೆಯದೂ ಮೊದಲೇ ಕರಗಿದ್ದೂ ಸೇರಿದ 2.4ರ ಜೊತೆಗೆ ಇನ್ನೂ 1.5 ಸೇರಿ ಗಾಜು ಸಿಡಿಯುವ ಮಟ್ಟಕ್ಕೆ ಹೋಗುತ್ತದೆ. ಆದ್ದರಿಂದ ಡ್ರೈ ಹಾಪ್ ಆದ ಮೇಲೆ ಮೂರು ದಿನ ಒಂದೇ ಅಂಕಿ ನಿಂತರೆ ಮಾತ್ರ ಬಾಟಲಿ ಎತ್ತಿಕೊಳ್ಳಿ. ಬೆಣ್ಣೆ ವಾಸನೆಗೂ ಒಂದು ಪರೀಕ್ಷೆ ಇದೆ: ಒಂದು ಲೋಟವನ್ನು ಮುಚ್ಚಿ 60 ಡಿಗ್ರಿಯ ಬಿಸಿನೀರಿನಲ್ಲಿ 20 ನಿಮಿಷ ಇಟ್ಟು, ತಣಿಸಿ, ಬಿಸಿಮಾಡದ ಇನ್ನೊಂದು ಲೋಟದ ಪಕ್ಕ ಮೂಸಿ ನೋಡಿ. ಬೆಣ್ಣೆ ಅನ್ನಿಸಿದರೆ ಇನ್ನೆರಡು ದಿನ ತಡೆಯಿರಿ, ಯೀಸ್ಟ್ ಅದನ್ನು ಸರಿಮಾಡುತ್ತದೆ.

ಫರ್ಮೆಂಟರನ್ನು ಫ್ರಿಜ್ಜಿನಲ್ಲಿಟ್ಟು ತಿಳಿಯಾಗಿಸುವ ಆಸೆ ಬರುತ್ತದೆ. ತಣಿದಾಗ ಒಳಗಿನ ಅನಿಲ ಕುಗ್ಗಿ ಏರ್‌ಲಾಕ್ (ಅನಿಲ ಹೊರಬಿಡುವ ಮುಚ್ಚಳದ ಕವಾಟ) ಮೂಲಕ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ. ಕಾರ್ಬನ್ ಡೈಆಕ್ಸೈಡ್ ತುಂಬಿದ ಬಲೂನು ಕಟ್ಟಲು ಆಗದಿದ್ದರೆ ಬಿಯರ್ ಮಬ್ಬಾಗಿಯೇ ಇರಲಿ.

ಬಾಟಲಿ ತುಂಬುವಾಗ ಬಿಯರನ್ನು ಇನ್ನೊಂದು ಬಕೆಟ್ಟಿಗೆ ಸಾಗಿಸಿ ಸಕ್ಕರೆ ಕಲಸುವ ಹಳೇ ಪದ್ಧತಿ ಈ ಬಿಯರಿಗೆ ಹೊಂದುವುದಿಲ್ಲ. 105 ಗ್ರಾಂ ಸಕ್ಕರೆಯನ್ನು ನೀರಿನಲ್ಲಿ ಕುದಿಸಿ ಒಟ್ಟು 250 ಮಿಲಿ ಪಾಕ ಮಾಡಿಕೊಳ್ಳಿ. 355 ಮಿಲಿ ಬಾಟಲಿಗೆ ಸಿರಿಂಜಿನಲ್ಲಿ 5 ಮಿಲಿ. 18 ಲೀಟರಿಗೆ 50 ಬಾಟಲಿ, ಲೆಕ್ಕ ಸರಿಹೋಗುತ್ತದೆ. ಫರ್ಮೆಂಟರಿನ ನಲ್ಲಿಗೇ ಫಿಲ್ಲರ್ ಕೊಳವೆ ಸಿಕ್ಕಿಸಿ ತಳದಿಂದ ತುಂಬಿಸಿ. ಬಾಯಿಯ ಹತ್ತಿರ ಒಂದು ಸೆಂಟಿಮೀಟರ್ ಮಾತ್ರ ಖಾಲಿ ಬಿಟ್ಟು, ನೊರೆ ಬಂದಿದ್ದರೆ ನೊರೆಯ ಮೇಲೆಯೇ ಮುಚ್ಚಳ ಒತ್ತಿ. ಗಾಜು ಕಂದು ಬಣ್ಣದ್ದೇ ಆಗಿರಲಿ: ಹಸಿರು, ಬಿಳಿ ಗಾಜಿನಲ್ಲಿ ಬೆಳಕು ತಾಗಿದ ಹಾಪ್ಸ್ ಕಹಿ ಸ್ಕಂಕ್ ಎಂಬ ಪ್ರಾಣಿಯ ದುರ್ನಾತದಂಥ ವಾಸನೆಯಾಗಿ ಒಡೆಯುತ್ತದೆ.

ಎರಡು ವಾರ 20–22 ಡಿಗ್ರಿಯಲ್ಲಿ ಇಟ್ಟರೆ ಅನಿಲ ಕೂಡುತ್ತದೆ. ಒಂದನ್ನು ತಣಿಸಿ ತೆರೆದು ನೋಡಿ, ಸರಿಯಿದ್ದರೆ ಎಲ್ಲವನ್ನೂ ಫ್ರಿಜ್ಜಿಗೆ ಹಾಕಿ ಆರು ವಾರದೊಳಗೆ ಮುಗಿಸಿ. ತೆರೆದ ಹಾಪ್ಸ್ ಪೊಟ್ಟಣದಲ್ಲಿ ಉಳಿದದ್ದನ್ನು ಗಾಳಿ ಹಿಂಡಿ, ಸೀಲ್ ಮಾಡಿ ಫ್ರೀಜರಿಗೆ ಇಡಿ. ಚೀಸ್ ವಾಸನೆ ಬಂದರೆ ಅದು ಹಳಸಿದೆ ಅಂತ ಲೆಕ್ಕ, ಕಸದ ಬುಟ್ಟಿಗೆ ಹಾಕಿ.