ಮೀನಿನ ತಲೆ ಯಾವ ಕಡೆಗಿದೆ?

ಬೆಳಗ್ಗೆ ಆರೂಕಾಲು. ತೊರೆಯ ಮೇಲೆ ಇನ್ನೂ ಮಂಜು. ಎಲೆ ಬಣ್ಣದ ಬಲೆ ಹೊದ್ದುಕೊಂಡು ದಡದಲ್ಲಿ ಕೂತಿದ್ದೇನೆ. ಎದುರಿಗೆ ನೀರಿನ ಮೇಲೆ ಬಾಗಿರುವ ಒಣ ಕೊಂಬೆ ಕಾಣುತ್ತಿದೆಯಲ್ಲ, ಅದಕ್ಕೋಸ್ಕರ ಎರಡು ವರ್ಷದಿಂದ ಇಲ್ಲಿಗೆ ಬರುತ್ತಿದ್ದೇನೆ.

ತಡೆಯಿರಿ. ಕೇಳಿಸಿತಾ? ಸೀಟಿಯಂಥ ಚೂಪು ಕೂಗು. ಮಿಂಚುಳ್ಳಿ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ.

ಬಂತು. ಕೂತಿತು. 40 ಗ್ರಾಂ ಆಸುಪಾಸಿನ ಪುಟ್ಟ ಹಕ್ಕಿ. ಅದು ಬಂದು ಕೂತ ತಕ್ಷಣ ನನ್ನ ಉಸಿರು ತಾನಾಗಿಯೇ ನಿಧಾನವಾಗುತ್ತದೆ. ಮೊದಲ ದಿನವೂ ಹಾಗೇ ಆಗಿತ್ತು, ಇವತ್ತಿಗೂ ಹಾಗೇ.

"ಇಷ್ಟು ಬೇಗ ಎದ್ದು ಹೋಗಿ ನಿಮಗೆ ಏನು ಸಿಗುತ್ತದೆ?" ಎಂದು ತುಂಬಾ ಜನ ಕೇಳುತ್ತಾರೆ. ಒಳ್ಳೆಯ ಫೋಟೋ ಸಿಗುತ್ತದೆ, ನಿಜ. ಆದರೆ ನನಗೆ ಸಿಕ್ಕಿದ್ದು ಏನು ಅಂತ ಹೇಳಬೇಕೆಂದರೆ ಎರಡು ಫೋಟೋ ತೋರಿಸಬೇಕು. ಅದಕ್ಕೆ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗೋಣ.

ಶುರುವಿನಲ್ಲಿ ನನಗೆ ಬೇಕಿದ್ದದ್ದು ಒಂದೇ ಚಿತ್ರ. ಹಕ್ಕಿ ನೀರಿಗೆ ಧುಮುಕಿ, ಮೀನು ಹಿಡಿದು, ಹನಿ ಚಿಮ್ಮಿಸುತ್ತಾ ಮೇಲೇಳುವ ಕ್ಷಣ. ಶಟರ್ ಸ್ಪೀಡ್ 1/2000 ಸೆಕೆಂಡ್‌ಗೆ ಇಟ್ಟು, ಒಂದೇ ಸಮನೆ ಸಾಲಾಗಿ ಫೋಟೋ ತೆಗೆಯುವ ಬರ್ಸ್ಟ್ ಮೋಡ್ ಹಾಕಿ, ಬಟನ್ ಮೇಲೆ ಬೆರಳಿಟ್ಟು ಕಾಯುತ್ತಿದ್ದೆ. ತಿಂಗಳುಗಟ್ಟಲೆ ಸಿಕ್ಕಿದ್ದು ಖಾಲಿ ಕೊಂಬೆ, ನೀರಿನ ಉಂಗುರಗಳು, ಅಷ್ಟೇ. ಕಣ್ಣು ಕಂಡು ಬೆರಳು ಒತ್ತುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು.

ಒಂದು ದಿನ ಬೇಜಾರಾಗಿ ಕ್ಯಾಮೆರಾದಿಂದ ಕೈ ತೆಗೆದೆ. ಸುಮ್ನೆ ಹಕ್ಕಿಯನ್ನೇ ನೋಡುತ್ತಾ ಕೂತೆ. ಆಗ ಕಂಡಿತು. ಧುಮುಕುವ ಮೊದಲು ಅದು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತದೆ. ಆಮೇಲೆ ಗರಿಗಳನ್ನು ಮೈಗೆ ಒತ್ತಿಕೊಂಡು ತೆಳ್ಳಗಾಗುತ್ತದೆ. ಹಾಗೆ ತೆಳ್ಳಗಾದಾಗ ಬೆರಳು ಒತ್ತಬೇಕು, ಹಾರಿದ ಮೇಲಲ್ಲ. ಮರುವಾರವೇ ಆ ಫೋಟೋ ಸಿಕ್ಕಿತು. ತುಂಬಾ ಖುಷಿಯಾಯಿತು. ಆದರೆ ನಾನು ತೋರಿಸಬೇಕೆಂದಿರುವುದು ಅದನ್ನಲ್ಲ.

ಈಗ ನೋಡಿ, ಆ ಎರಡು ಫೋಟೋ. ಎರಡರಲ್ಲೂ ಅದೇ ಕೊಂಬೆ, ಕೊಕ್ಕಿನಲ್ಲಿ ಮೀನು. ವ್ಯತ್ಯಾಸ ಏನು? ಎಡಗಡೆಯದ್ದರಲ್ಲಿ ಮೀನಿನ ತಲೆ ಹಕ್ಕಿಯ ಗಂಟಲ ಕಡೆಗಿದೆ, ಬಾಲ ಹೊರಗೆ. ಬಲಗಡೆಯದ್ದರಲ್ಲಿ ತಲೆ ಹೊರಗೆ.

ಮಿಂಚುಳ್ಳಿ ಮೀನನ್ನು ಕೊಂಬೆಗೆ ಬಡಿದು, ತಲೆ ಮೊದಲು ಹೋಗುವ ಹಾಗೆ ನುಂಗುತ್ತದೆ. ಹಾಗೆ ನುಂಗಿದರೆ ಮೀನಿನ ರೆಕ್ಕೆಯ ಮುಳ್ಳುಗಳು ಗಂಟಲಿಗೆ ಸಿಕ್ಕಿಕೊಳ್ಳುವುದಿಲ್ಲ. ಅಂದರೆ ಎಡಗಡೆಯದ್ದು ಅದರ ಊಟ. ಬಲಗಡೆಯದ್ದು? ಅದನ್ನು ಬೇರೆ ಯಾರಿಗೋ ಕೊಡಬೇಕು. ತಿನ್ನುವವರ ಬಾಯಿಗೆ ತಲೆ ಮೊದಲು ಹೋಗಲಿ ಎಂದು ತಿರುಗಿಸಿ ಹಿಡಿದಿದೆ.

ಒಂದು ರಾತ್ರಿ ಕಂಪ್ಯೂಟರ್ ಮುಂದೆ ಕೂತು ಬೇಡದ ಫೋಟೋ ಅಳಿಸುತ್ತಿದ್ದಾಗ ಇದು ಕಣ್ಣಿಗೆ ಬಿತ್ತು. ಎಲ್ಲೋ ಒಂದು ಗೂಡಿದೆ. ಯಾರೋ ಕಾಯುತ್ತಿದ್ದಾರೆ! ಆ ರಾತ್ರಿ ನಿದ್ದೆ ಬರಲಿಲ್ಲ. ಹಳೆಯ ಫೋಟೋಗಳನ್ನೆಲ್ಲ ತೆಗೆದು, ಮೀನು ಮೊದಲು ತಿರುಗಿದ್ದು ಯಾವ ದಿನ ಎಂದು ಹುಡುಕಿದೆ. ಹುಡುಕುವಾಗ ಇನ್ನೊಂದು ಸಿಕ್ಕಿತು. ಕೆಲವು ಫೋಟೋಗಳಲ್ಲಿ ಕೊಕ್ಕು ಪೂರ್ತಿ ಕಪ್ಪು. ಇನ್ನು ಕೆಲವದರಲ್ಲಿ ಕೆಳಗಿನ ಕೊಕ್ಕು ಕಿತ್ತಳೆ. ಕಪ್ಪು ಕೊಕ್ಕಿನದು ಗಂಡು, ಕಿತ್ತಳೆಯದು ಹೆಣ್ಣು. ಅಷ್ಟು ದಿನ ನಾನು "ನನ್ನ ಹಕ್ಕಿ" ಅಂದುಕೊಂಡಿದ್ದು ಒಂದಲ್ಲ, ಎರಡು.

ಫೋಟೋ ತೆಗೆದದ್ದು ನಾನೇ. ಆದರೂ ಅದರಲ್ಲಿ ಏನಿದೆ ಅಂತ ನೋಡುವುದಕ್ಕೆ ನನಗೆ ಅಷ್ಟು ಕಾಲ ಬೇಕಾಯಿತು. ಈ ಹವ್ಯಾಸ ನನಗೆ ಕೊಟ್ಟಿದ್ದು ಅದನ್ನೇ. ಈಗ ಕ್ಯಾಮೆರಾ ಇಲ್ಲದೆ ಹೋಗುವಾಗಲೂ ಹೀಗೇ. ಹಾರುತ್ತಿರುವ ಹಕ್ಕಿಯ ಕೊಕ್ಕಿನಲ್ಲಿ ಹುಲ್ಲುಕಡ್ಡಿ ಇದೆಯಾ, ಹುಳು ಇದೆಯಾ ಎಂದು ನೋಡುತ್ತೇನೆ. ಕಡ್ಡಿಯಾದರೆ ಗೂಡು ಕಟ್ಟುತ್ತಿದೆ. ಹುಳು ಹಿಡಿದು ಮತ್ತೆ ಮತ್ತೆ ಒಂದೇ ಕಡೆಗೆ ಹೋಗುತ್ತಿದ್ದರೆ ಅಲ್ಲಿ ಮರಿಗಳಿರಬಹುದು. ತಲೆಯಲ್ಲಿ ಎಷ್ಟೇ ಚಿಂತೆ ಇದ್ದರೂ ಆ ಹೊತ್ತಿಗೆ ನಾನು ಅದರ ಜೊತೆ ಇರುತ್ತೇನೆ. ಇದನ್ನು ಯಾವ ದುಬಾರಿ ಲೆನ್ಸ್ ಜೊತೆಗೂ ಬದಲಾಯಿಸಿಕೊಳ್ಳಲಾರೆ.

ಗೂಡಿನ ವಿಷಯಕ್ಕೆ ಬರುತ್ತೇನೆ. ಮಿಂಚುಳ್ಳಿ ಗೂಡು ಮಾಡುವುದು ದಡದ ಮಣ್ಣಿನಲ್ಲಿ ಕೊರೆದ ಬಿಲದೊಳಗೆ. ಬಿಲ ಎಲ್ಲಿದೆ ಎಂದು ದೂರದಿಂದಲೇ ಗೊತ್ತಾಯಿತು. ಅದರ ಫೋಟೋ ಕೇಳಬೇಡಿ, ನಾನು ತೆಗೆದಿಲ್ಲ. ಹತ್ತಿರ ಹೋಗಿ ಕೂತರೆ ಅಪ್ಪ ಅಮ್ಮ ಮೀನು ಕಚ್ಚಿಕೊಂಡು ಹೊರಗೇ ಉಳಿದುಬಿಡುತ್ತವೆ. ಒಳಗೆ ಮರಿಗಳು ಹಸಿದಿರುತ್ತವೆ. ಅದಕ್ಕೇ ನಾನು ಇನ್ನೂ ಹಿಂದಕ್ಕೆ ಸರಿದು ಕೂತೆ.

ಹಕ್ಕಿ ಹೆದರಬಾರದು ಎಂದು ನಮಗಿಂತ ಎಷ್ಟೋ ಜಾಸ್ತಿ ಕಷ್ಟಪಟ್ಟವರಿದ್ದಾರೆ. ಇಂಗ್ಲೆಂಡಿನ ರಿಚರ್ಡ್ ಕೀರ್ಟನ್, ಚೆರ್ರಿ ಕೀರ್ಟನ್ ಎಂಬ ಅಣ್ಣ ತಮ್ಮ, ನೂರು ವರ್ಷಕ್ಕೂ ಹಿಂದೆ, ಎತ್ತಿನ ತೊಗಲಿನಿಂದ ಪೊಳ್ಳು ಎತ್ತೊಂದನ್ನು ಮಾಡಿಸಿ, ಅದರೊಳಗೆ ಅಡಗಿ ಕೂತು ಫೋಟೋ ತೆಗೆಯುತ್ತಿದ್ದರು. ಆ ಕಾಲದ ಭಾರವಾದ ಕ್ಯಾಮೆರಾ ಬೇರೆ! ಅವರನ್ನು ನೆನೆದರೆ ನನ್ನ ಬಲೆಯೊಳಗಿನ ಸೆಖೆ ದೊಡ್ಡದು ಅನ್ನಿಸುವುದಿಲ್ಲ.

ಮಿಂಚುಳ್ಳಿಯ ಮೊಟ್ಟೆಗೆ ಸುಮಾರು 20 ದಿನ ಕಾವು ಬೇಕು. ಮರಿಗಳು ಬಿಲದೊಳಗೆ ಇನ್ನೂ ಸುಮಾರು 25 ದಿನ ಇರುತ್ತವೆ. ಅಷ್ಟೂ ದಿನ ಕೊಂಬೆಯ ಮೇಲಿನ ಮೀನುಗಳನ್ನು ನೋಡಿಯೇ ಒಳಗಿನ ಸಂಸಾರವನ್ನು ಊಹಿಸಿಕೊಂಡೆ. ಮೊದಲು ಸಣ್ಣ ಸಣ್ಣ ಮೀನು. ಬರುಬರುತ್ತಾ ದೊಡ್ಡವು.

ಈಗ ಬರುವ ಕ್ಲಿಪ್ ಕಳೆದ ವಾರದ್ದು. ಅದೇ ಕೊಂಬೆ. ಆದರೆ ಕೂತಿರುವ ಹಕ್ಕಿಯನ್ನು ಸರಿಯಾಗಿ ನೋಡಿ. ಬಣ್ಣ ಸ್ವಲ್ಪ ಮಂಕು. ಕೊಕ್ಕಿನ ತುದಿಯಲ್ಲಿ ಬಿಳಿ ಚುಕ್ಕೆ. ಕಾಲು ಕಪ್ಪು, ದೊಡ್ಡವುಗಳ ಹಾಗೆ ಕೆಂಪಲ್ಲ. ಮರಿ ಅದು. ತಲೆ ಆಡಿಸುತ್ತಿದೆ... ತೆಳ್ಳಗಾಯಿತು... ಹೋಯಿತು.

ಎದ್ದು ಬಂತು. ಕೊಕ್ಕಿನಲ್ಲಿ ಮೀನಲ್ಲ, ಒಂದು ಕೊಳೆತ ಎಲೆ. ಅದನ್ನೇ ಕೊಂಬೆಗೆ ಬಡಿಯುತ್ತಿದೆ ನೋಡಿ, ಆ ಕಡೆ ಒಂದು ಸಲ, ಈ ಕಡೆ ಒಂದು ಸಲ.