ಎರಡನೇ ಫೋನಿಗೆ ಮುಂಚಿನ ಇಪ್ಪತ್ತು ನಿಮಿಷ

ಎಲ್ಲರಿಗೂ ನಮಸ್ಕಾರ.

ಆಪ್ತಸಮಾಲೋಚನೆ ಅಂದರೆ ಎದುರಿಗೆ ಕೂರಿಸಿಕೊಂಡು ಬುದ್ಧಿ ಹೇಳುವುದು ಅಂತ ತಿಳಿದವರು ಇಲ್ಲೂ ಇರಬಹುದು. ಬುದ್ಧಿ ಹೇಳುವವರಿಗೆ ನಮ್ಮ ಮನೆಗಳಲ್ಲಿ ಬರವೇ? ಅದರಿಂದ ವಾಸಿಯಾಗುವ ಹಾಗಿದ್ದರೆ ನನ್ನ ಕೋಣೆಗೆ ಯಾರೂ ಬರುತ್ತಿರಲಿಲ್ಲ.

ಒಬ್ಬ ತಾಯಿಯ ಕಥೆ ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಬ್ಯಾಂಕಿನಲ್ಲಿ ಕ್ಯಾಷಿಯರ್. ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪಿದವರಲ್ಲ. ಮಗ ಪುಣೆಯಲ್ಲಿ ಕೆಲಸಕ್ಕಿದ್ದ. ರಾತ್ರಿ ಒಂಬತ್ತಕ್ಕೆ ಅವನು ಫೋನ್ ಎತ್ತದಿದ್ದರೆ ಆಕ್ಸಿಡೆಂಟೇ ಆಗಿದೆ ಅಂತ ಇವರಿಗೆ ಖಾತ್ರಿ. ಒಂದು ರಾತ್ರಿ 11 ಸಲ ಮಾಡಿದ್ದರು. ‘ಹುಟ್ಟುಗುಣ ಸುಟ್ಟರೂ ಹೋಗದು, ನಮ್ಮಮ್ಮನೂ ಹೀಗೇ’ ಅಂತ ಮೊದಲ ದಿನವೇ ತೀರ್ಪು ಕೊಟ್ಟುಬಿಟ್ಟರು.

ಆ ಗಾದೆಯ ಮೇಲೆ ನನಗೆ ಹಳೆಯ ಸಿಟ್ಟಿದೆ. ಗುಣ ಅಂತ ನಾವು ಕರೆಯುವುದರಲ್ಲಿ ಬಹುಪಾಲು ರೂಢಿ. ಗಮನಿಸಿ: ಭಯ ಬರುತ್ತದೆ, ಫೋನ್ ಮಾಡುತ್ತಾರೆ, ಕೊನೆಗೆ ಮಗನ ದನಿ ಕೇಳುತ್ತದೆ, ಎದೆ ಹಗುರಾಗುತ್ತದೆ. ಆ ಹಗುರಾಗುವಿಕೆಯೇ ಹಾವಿಗೆ ಎರೆಯುವ ಹಾಲು. ‘ಫೋನ್ ಮಾಡಿದ್ದಕ್ಕೇ ಬದುಕಿದೆ’ ಅಂತ ಮನಸ್ಸು ಪಾಠ ಕಲಿಯುತ್ತದೆ. ಮಾರನೆಯ ದಿನ ಭಯ ಇನ್ನೂ ಬೇಗ ಬರುತ್ತದೆ.

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆರನ್ ಬೆಕ್ ಎಂಬ ಮನೋವೈದ್ಯರಿದ್ದರು. 1960ರ ದಶಕದಲ್ಲಿ ಖಿನ್ನತೆಯವರ ಮಾತು ಕೇಳುತ್ತಾ, ಆಡುವ ಮಾತಿನ ಹಿಂದೆ ಇನ್ನೊಂದು ಯೋಚನೆ ಮಿಂಚಿ ಮರೆಯಾಗುವುದನ್ನು ಅವರು ಗಮನಿಸಿದರು. ಕರೆಯದೇ ಬರುವ ಆ ಯೋಚನೆಯನ್ನು ಹಿಡಿದು ನಿಲ್ಲಿಸಿ ವಿಚಾರಿಸುವುದೇ ಈಗ ನಾವು ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಅನ್ನುವ ಚಿಕಿತ್ಸೆಯ ಬುಡ. ಯೋಚನೆ, ನಡವಳಿಕೆ ಎರಡನ್ನೂ ಹಿಡಿದು ಮಾಡುವ ಮಾತಿನ ಚಿಕಿತ್ಸೆ ಅದು.

ವಿಚಾರಿಸುವುದಕ್ಕೆ ನಮಗೆ ಬೇಕಾದದ್ದು ಒಂದು ನೋಟ್‌ಬುಕ್. ಕ್ಯಾಷಿಯರ್ ಅಲ್ಲವೇ, ಗೆರೆ ಹಾಕಿ ಕಾಲಂ ಮಾಡುವುದು ಅವರಿಗೆ ಖುಷಿಯ ಕೆಲಸ. ಎಷ್ಟು ಹೊತ್ತಿಗೆ, ಏನಾಯಿತು, ಮೊದಲು ಏನು ಹೊಳೆಯಿತು, ಅದು ನಿಜ ಅಂತ ಶೇಕಡಾ ಎಷ್ಟು ನಂಬಿಕೆ, ಆಮೇಲೆ ತಿಳಿದದ್ದೇನು. ಮೊದಲ ವಾರ ನಂಬಿಕೆಯ ಕಾಲಂ ಪೂರ್ತಿ 90, 95. ಕೊನೆಯ ಕಾಲಂನಲ್ಲಿ: ಸ್ನಾನ. ಮೀಟಿಂಗ್. ಬಸ್ಸಿನಲ್ಲಿ ನಿದ್ದೆ. ಮತ್ತೆ ಸ್ನಾನ. ‘ಇಷ್ಟು ಸ್ನಾನ ಮನೆಯಲ್ಲಿದ್ದಾಗ ಮಾಡುತ್ತಿರಲಿಲ್ಲ’ ಅಂತ ಅವರೇ ನಕ್ಕರು. ನಾನು ವಾದ ಮಾಡಲಿಲ್ಲ. ಅವರ ಲೆಕ್ಕವೇ ಅವರ ಭಯವನ್ನು ತಾಳೆ ನೋಡಿತು.

ಲೆಕ್ಕ ಅರ್ಥವಾದರೆ ಸಾಲದು, ಮೈಗೂ ಗೊತ್ತಾಗಬೇಕು. ಅದಕ್ಕೇ ಎರಡನೇ ಫೋನಿಗೆ ಮುಂಚೆ 20 ನಿಮಿಷ ಕಾಯುವ ಕರಾರು. ಮೊದಲ ಸಲ ಕೈ ಬೆವರಿತು, ಅಡುಗೆಮನೆಗೆ ಹತ್ತು ಸಲ ಹೋಗಿಬಂದರು. ಆದರೆ ಭಯ ಏರಿದ್ದು ಏರಿದಲ್ಲೇ ನಿಲ್ಲುವುದಿಲ್ಲ, ಏನೂ ಮಾಡದಿದ್ದರೂ ತಾನಾಗಿ ಇಳಿಯುತ್ತದೆ. ಇದನ್ನು ನಾನು ನೂರು ಸಲ ಹೇಳಿದರೂ ವ್ಯರ್ಥ. ಅವರು ಆ ಅಡುಗೆಮನೆಯಲ್ಲೇ ಕಾಣಬೇಕಿತ್ತು. ಮಧ್ಯೆ ಒಂದು ವಾರ ಎಲ್ಲ ಕೈಬಿಟ್ಟು ಹಳೆಯ ದಾರಿ ಹಿಡಿದರು. ಅದೂ ಮಾಮೂಲು. ಅಲ್ಲಿಂದಲೇ ಮತ್ತೆ ಶುರು ಮಾಡಿದೆವು.

ಒಬ್ಬೊಬ್ಬರೇ ಯಾಕೆ ಬರಬೇಕು ಅಂತ ಕೇಳುತ್ತಾರೆ. ಈ ತಾಯಿ ಗಂಡನ ಮುಂದೆ ಆ ನೋಟ್‌ಬುಕ್ ತೆಗೆಯುತ್ತಿರಲಿಲ್ಲ, ಅದಕ್ಕೆ. ನೀವು ಹೇಳಿದ್ದನ್ನು ಗುಟ್ಟಾಗಿಡುವುದು ಬರೀ ನಮ್ಮ ಸೌಜನ್ಯವಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅದನ್ನು ನಿಮ್ಮ ಹಕ್ಕಾಗಿಸಿದೆ. ಪ್ರಾಣಕ್ಕೆ ಅಪಾಯದಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಬೇರೆ ಮಾತು, ಅದನ್ನು ನಾನು ಮೊದಲ ದಿನವೇ ತಿಳಿಸಿರುತ್ತೇನೆ.

ಫೀಸು ಕಟ್ಟಲಾಗದವರು, ಹತ್ತಿರದಲ್ಲಿ ಯಾರೂ ಇಲ್ಲದವರು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 2022ರಲ್ಲಿ ಶುರುವಾದದ್ದು, ಕನ್ನಡದಲ್ಲೇ ಮಾತಾಡಬಹುದು.

ಆ ತಾಯಿ ಕೊನೆಯ ಸಲ ಬಂದಾಗ, ನಾವು ಮಾತಾಡುತ್ತಿರುವಾಗಲೇ ಮಗನ ಫೋನ್ ಬಂತು. ಇವರು ಎತ್ತಲಿಲ್ಲ, ಸೈಲೆಂಟ್ ಮಾಡಿ ಬ್ಯಾಗಿಗೆ ಹಾಕಿದರು. ಹೊರಡುವಾಗ ತೆಗೆದು ನೋಡಿದರೆ ನಾಲ್ಕು ಮಿಸ್ಡ್ ಕಾಲ್.