ಮೊದಲು ಗಾಳಿ, ಆಮೇಲೆ ಊರು

ಕೇಳುಗರೆಲ್ಲರಿಗೂ ನಮಸ್ಕಾರ.

ಹಾಯಿದೋಣಿಯಲ್ಲಿ ರಜೆ ಕಳೆಯುವುದು ಹೇಗೆ ಅಂತ ನಾಲ್ಕು ಮಾತು ಹೇಳಿ ಎಂದು ಬಾನುಲಿ ಕೇಂದ್ರದವರು ಕರೆದಿದ್ದಾರೆ. ಹಡಗಿನಲ್ಲಿ ದುಡಿದು ನಿವೃತ್ತನಾದವನು ನಾನು. ಈಗಲೂ ಅವಕಾಶ ಸಿಕ್ಕರೆ ಹಾಯಿ ಬಿಚ್ಚುವುದೇ ನನ್ನ ಸಂತೋಷ. ಹಾಗಾಗಿ ಕರೆದ ಕೂಡಲೇ ಒಪ್ಪಿಕೊಂಡೆ.

ಈ ಮಾತನ್ನು ಯಾರು ಕೇಳುತ್ತಿರಬಹುದು ಅಂತ ನನಗೊಂದು ಅಂದಾಜಿದೆ. ಮಗ ಜರ್ಮನಿಯಲ್ಲೋ, ಮಗಳು ಐರ್ಲೆಂಡಿನಲ್ಲೋ ಕೆಲಸದಲ್ಲಿದ್ದಾರೆ. ಮುಂದಿನ ವರ್ಷ ಅಪ್ಪ ಅಮ್ಮನನ್ನು ಕರೆಸಿಕೊಳ್ಳುತ್ತಾರೆ. ಎಲ್ಲರೂ ಸೇರಿ ಒಂದು ವಾರ ಎಲ್ಲಾದರೂ ಹೋಗೋಣ ಎಂಬ ಮಾತು ಎದ್ದಿದೆ. ಯಾರೋ ಫೋನಿಗೆ ಕ್ರೊಯೇಷಿಯಾದ ಚಿತ್ರ ಕಳಿಸಿದ್ದಾರೆ. ನೀಲಿ ನೀರು, ಬಿಳಿ ಹಾಯಿ, ಕೆಂಪು ಹೆಂಚಿನ ಊರು. ಆಗಲೇ ಮನೆಯಲ್ಲೊಬ್ಬರು ಕಾಗದ ಪೆನ್ನು ಹಿಡಿದು ಪಟ್ಟಿ ಬರೆಯಲು ಕೂತಿದ್ದಾರೆ. ಸೋಮವಾರ ಈ ದ್ವೀಪ, ಮಂಗಳವಾರ ಆ ದ್ವೀಪ, ಬುಧವಾರ ಎರಡು. ನನಗೆ ಮಾತಾಡಬೇಕಿರುವುದು ಆ ಪಟ್ಟಿ ಬರೆಯುವವರ ಜೊತೆ.

ಮೊದಲು ಗಾಳಿ, ಆಮೇಲೆ ಊರು. ಇವತ್ತು ಇದೊಂದು ಮಾತು ನೆನಪಿಟ್ಟುಕೊಂಡರೆ ನನಗೆ ಸಾಕು.

ನಾನು ಹೇಳುತ್ತಿರುವುದು ಕ್ರೊಯೇಷಿಯಾದ ದಾಲ್ಮೇಷಿಯಾ ಕರಾವಳಿಯ ವಿಷಯ. ಇಟಲಿಯ ಎದುರು ದಡ ಅದು, ನಡುವೆ ಏಡ್ರಿಯಾಟಿಕ್ ಸಮುದ್ರ. ದೇಶದ ಕರಾವಳಿಯುದ್ದಕ್ಕೂ ಸಾವಿರಕ್ಕೂ ಮಿಕ್ಕಿ ದ್ವೀಪಗಳಿವೆ. ಜನ ವಾಸ ಇರುವುದು ಐವತ್ತರಷ್ಟರಲ್ಲಿ ಮಾತ್ರ. ದ್ವೀಪಗಳು ಒತ್ತೊತ್ತಾಗಿರುವುದರಿಂದ ದೋಣಿಯಲ್ಲಿ ಹೋಗುವಾಗ ದಡ ಕಣ್ಣಿಂದ ಮರೆಯಾಗುವುದೇ ಅಪರೂಪ. ಉಬ್ಬರ ಇಳಿತವೂ ಬಹಳ ಕಡಿಮೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ನೀರು ನಾನು ಕಂಡಿಲ್ಲ.

ಹೆಚ್ಚಿನವರು ಹೊರಡುವುದು ಸ್ಪ್ಲಿಟ್ ಊರಿನಿಂದ. ರೋಮ್ ಚಕ್ರವರ್ತಿ ಡಯೊಕ್ಲೀಷಿಯನ್ 305ರಲ್ಲಿ ತಾನಾಗಿ ಪಟ್ಟ ಬಿಟ್ಟು, ಉಳಿದ ಕಾಲ ಕಳೆಯಲು ಇಲ್ಲಿಗೆ ಬಂದ. ಅದಕ್ಕಾಗಿಯೇ ಕಡಲಂಚಿನಲ್ಲಿ ಅರಮನೆ ಕಟ್ಟಿಸಿದ್ದ. ಆ ಅರಮನೆ ಇವತ್ತೂ ಇದೆ. ಅದರೊಳಗೆ ಈಗಲೂ ಜನ ಸಂಸಾರ ಮಾಡುತ್ತಿದ್ದಾರೆ. ರೋಮನ್ನರ ಗೋಡೆಯ ನಡುವೆ ಬಟ್ಟೆ ಒಣಗುತ್ತಿರುತ್ತದೆ. ದೋಣಿ ಹತ್ತುವ ಮೊದಲು ಒಂದು ದಿನ ಇಲ್ಲಿ ಇರಿ.

ಈಗ ಗಾಳಿಗೆ ಬರೋಣ. ಅಲ್ಲಿನವರು ಗಾಳಿಯನ್ನು ಹೆಸರು ಹಿಡಿದು ಕರೆಯುತ್ತಾರೆ. ನೀವು ಮೂರು ಹೆಸರು ಕಲಿತರೆ ಸಾಕು.

ಮಾಯೆಸ್ತ್ರಾಲ್. ಇದು ವಾಯವ್ಯದ ಗಾಳಿ, ಬೇಸಿಗೆಯ ಗೆಳೆಯ. ಬಿಸಿಲಿಗೆ ನೆಲ ಕಾಯುತ್ತದೆ, ನೆಲದ ಮೇಲಿನ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲ ಗಾಳಿ ನುಗ್ಗುತ್ತದೆ. ಮಧ್ಯಾಹ್ನದ ಕಡಲ ಗಾಳಿ ನಮ್ಮ ಕರಾವಳಿಯವರಿಗೆ ಹೊಸದೇನಲ್ಲ. ಅಲ್ಲಿ ಹತ್ತು ಹನ್ನೊಂದು ಗಂಟೆಗೆ ಶುರುವಾಗಿ ಸಂಜೆಗೆ ಬೀಳುತ್ತದೆ. ನಿಮ್ಮ ಹಾಯಿ ತುಂಬುವುದು ಇದೇ.

ಬುರಾ. ಈಶಾನ್ಯದ ಬೆಟ್ಟಗಳಿಂದ ಇಳಿಯುವ ತಣ್ಣನೆಯ, ಒಣ ಗಾಳಿ. ಆಕಾಶ ತಿಳಿಯಾಗಿರುವಾಗಲೇ ಬಂದುಬಿಡುತ್ತದೆ. ಬಂದರೆ ಹೊಡೆತ ಹೊಡೆತವಾಗಿ ಬರುತ್ತದೆ.

ಯುಗೊ. ಆಗ್ನೇಯದ ಗಾಳಿ. ಇದು ತಿಳಿಸಿಯೇ ಬರುತ್ತದೆ. ಮೋಡ ಕವಿಯುತ್ತದೆ, ಸೆಕೆ ಹೆಚ್ಚುತ್ತದೆ, ಹಗ್ಗವೆಲ್ಲ ಒದ್ದೆ ಒದ್ದೆ. ಒಂದೆರಡು ದಿನ ಬಲ ಕೂಡಿಸಿಕೊಂಡು ದೊಡ್ಡ ಅಲೆ ಎಬ್ಬಿಸುತ್ತದೆ.

ಗಾಳಿಯನ್ನು ಇಷ್ಟು ತಲೆಗೆ ಹಚ್ಚಿಕೊಳ್ಳಬೇಕಾ ಅಂತ ಕೇಳುತ್ತೀರಿ. ಕೋರ್ಚುಲ ಎಂಬ ಊರಿದೆ, ಅದೇ ಹೆಸರಿನ ದ್ವೀಪದಲ್ಲಿ. ಮಾರ್ಕೊ ಪೋಲೊ ಹುಟ್ಟಿದ್ದು ನಮ್ಮಲ್ಲೇ ಎಂದು ಆ ಊರಿನವರು ಹೇಳಿಕೊಳ್ಳುತ್ತಾರೆ. ಆ ಮಾತು ಹಾಗಿರಲಿ, ನೀವು ಅಲ್ಲಿನ ಬೀದಿ ನೋಡಿ. ನಡುವೆ ಒಂದು ಮುಖ್ಯ ಬೀದಿ, ಎರಡೂ ಬದಿಗೆ ಮೀನಿನ ಮುಳ್ಳಿನ ಹಾಗೆ ಕಿರುಬೀದಿಗಳು. ಪಡುವಣ ಬದಿಯವು ನೆಟ್ಟಗಿವೆ, ಬೇಸಿಗೆಯ ಮಾಯೆಸ್ತ್ರಾಲ್ ಒಳಗೆ ಬಂದು ಊರು ತಂಪಾಗಲಿ ಎಂದು. ಮೂಡಣ ಬದಿಯವು ಬಾಗಿವೆ, ಚಳಿಗಾಲದ ಬುರಾ ಒಳಗೆ ನುಗ್ಗದಿರಲಿ ಎಂದು. ನೂರಾರು ವರ್ಷಗಳ ಹಿಂದೆ ಅವರು ಗಾಳಿ ನೋಡಿ ಊರು ಕಟ್ಟಿದರು. ನಾವು ಒಂದು ವಾರದ ರಜೆಯನ್ನು ಗಾಳಿ ನೋಡಿ ಕಟ್ಟಲಾರೆವಾ?

ಒಂದು ಪ್ರಸಂಗ ಹೇಳಲೇಬೇಕು. ಸೆಪ್ಟೆಂಬರ್ ತಿಂಗಳು. ಬೆಂಗಳೂರಿನ ಗೆಳೆಯರ ಕುಟುಂಬ, ಜೊತೆಗೆ ನಾನು. ಅವರೊಂದಿಗೆ ಶಿರಸಿ ಕಡೆಯ ದೊಡ್ಡಪ್ಪ ಒಬ್ಬರು, ಅಡಿಕೆ ತೋಟದವರು. ಮನೆಯ ಮಗ ಸಾಫ್ಟ್‌ವೇರಿನ ಹುಡುಗ. ಬಹಳ ಅಚ್ಚುಕಟ್ಟು. ಗಂಟೆ ಗಂಟೆಯ ಲೆಕ್ಕ ಬರೆದ ಹಾಳೆ ಇಟ್ಟುಕೊಂಡಿದ್ದ. ಹ್ವಾರ್ ದ್ವೀಪದ ಸ್ಟಾರಿ ಗ್ರಾದ್ ಊರಿಗೆ ಬಂದು ರಾತ್ರಿ ಕಳೆದೆವು. ಮರುದಿನ ವಿಸ್ ದ್ವೀಪದಲ್ಲಿ ಊಟಕ್ಕೆ ಮೇಜು ಕಾದಿರಿಸಿ ಹಣವನ್ನೂ ಕಟ್ಟಿದ್ದ. ಅದರ ಮರುದಿನ ವಿಸ್ ಪಕ್ಕದ ಬಿಶೆವೊ ದ್ವೀಪದ ನೀಲಿ ಗುಹೆ.

ಸಂಜೆಯೇ ಸೆಕೆ ಶುರುವಾಗಿತ್ತು. ರೇಡಿಯೊದಲ್ಲಿ ಕರಾವಳಿ ಕೇಂದ್ರದವರು ಹವಾಮಾನ ಓದುತ್ತಾರೆ, ಅದರಲ್ಲೂ ಯುಗೊ ಎಂದರು. ಬೆಳಗ್ಗೆ ಎದ್ದು ನೋಡಿದರೆ ಬಂದರಿನ ನೀರು ಸುಮ್ನೆ ಮಲಗಿದೆ. ಸ್ಟಾರಿ ಗ್ರಾದ್ ಇರುವುದು ಉದ್ದನೆಯ ಕೊಲ್ಲಿಯ ತುದಿಯಲ್ಲಿ. ಆಗ್ನೇಯದ ಅಲೆ ಅಲ್ಲಿಗೆ ಮುಟ್ಟುವುದಿಲ್ಲ. ಹುಡುಗ ಕೇಳಿದ, "ಅಂಕಲ್, ಅಲೆಯೇ ಇಲ್ವಲ್ಲ, ಹೊರಡೋಣ." ನಾನು ಹೇಳಿದೆ, "ಇಲ್ಲಿಲ್ಲ ಕಣಪ್ಪ, ಮೂಲೆ ತಿರುಗಿದರೆ ಇದೆ." ಅವನಿಗೆ ಸಮಾಧಾನ ಆಗಲಿಲ್ಲ. ನಮ್ಮ ಪಕ್ಕದ ಎರಡು ದೋಣಿಗಳು ಹೊರಟೇ ಬಿಟ್ಟವು. ನೋಡಿ ಅವರು ಹೋದರು ಎಂದ. ಸ್ವಲ್ಪ ಹೊತ್ತಿಗೆ ಎರಡೂ ವಾಪಸ್. ಒಳಗಿದ್ದವರು ತಲೆಯಿಂದ ಕಾಲಿನವರೆಗೆ ನೆಂದಿದ್ದರು. ಒಬ್ಬ ಹೆಂಗಸು ದಕ್ಕೆಯ ಮೇಲೆ ಇಳಿದು ಕೂತವಳು ಬಹಳ ಹೊತ್ತು ಏಳಲಿಲ್ಲ. ಹುಡುಗ ಮತ್ತೆ ಹೊರಡುವ ಮಾತೆತ್ತಲಿಲ್ಲ.

ಸರಿ, ಕೂತು ಏನು ಮಾಡುವುದು? ಊರಿನ ಹಿಂದೆ ದೊಡ್ಡ ಬಯಲಿದೆ, ನಡೆಯೋಣ ಎಂದೆ. ಆ ಬಯಲಿನ ಕಥೆ ಕೇಳಿ. ಕ್ರಿಸ್ತಪೂರ್ವ 384ರಲ್ಲಿ ಪಾರೊಸ್ ದ್ವೀಪದ ಗ್ರೀಕರು ಬಂದು ಇಲ್ಲಿ ನೆಲೆಸಿದರು. ನೆಲವನ್ನು ಅಳೆದು ಸಮನಾದ ಪಾಲು ಮಾಡಿದರು. ಒಂದೊಂದು ಪಾಲು ಸುಮಾರು 900 ಮೀಟರ್ ಉದ್ದ, 180 ಮೀಟರ್ ಅಗಲ. ಗಡಿಗೆ ಗಾರೆ ಇಲ್ಲದ ಕಲ್ಲಿನ ಗೋಡೆ. 24 ಶತಮಾನ ಕಳೆದರೂ ಆ ಹಿಸ್ಸೆ ಹಾಗೇ ಉಳಿದಿದೆ. ಆಗಲೂ ದ್ರಾಕ್ಷಿ, ಆಲಿವ್. ಈಗಲೂ ದ್ರಾಕ್ಷಿ, ಆಲಿವ್. 2008ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ದೊಡ್ಡಪ್ಪನವರು ಅಲ್ಲಿಯವರೆಗೆ ದೋಣಿಯಲ್ಲಿ ಮಾತೇ ಆಡಿರಲಿಲ್ಲ. ಬಯಲಿಗೆ ಕಾಲಿಟ್ಟವರೇ ಗೋಡೆಯ ಕಲ್ಲು ಮುಟ್ಟಿ ನೋಡಿದರು. ಹೆಜ್ಜೆ ಹಾಕಿ ಅಳೆದರು. "ಇಷ್ಟು ವರ್ಷ ಗಡಿ ತಕರಾರು ಇಲ್ಲದೆ ಹೇಗೆ ಉಳಿಯಿತು ಮಾರಾಯ್ರೆ?" ಎಂದು ಕೇಳಿದರು. ಒಬ್ಬ ಮುದುಕ ಬಿದ್ದ ಗೋಡೆಯ ಕಲ್ಲು ಜೋಡಿಸುತ್ತಿದ್ದ. ದೊಡ್ಡಪ್ಪ ಹೋಗಿ ಅವನ ಜೊತೆ ಕಲ್ಲು ಎತ್ತಿ ಕೊಡಲು ನಿಂತರು. ಇವರಿಗೆ ಅವನ ಭಾಷೆ ಬಾರದು, ಅವನಿಗೆ ಇವರದು. ಹುಡುಗ ಫೋನು ಹಿಡಿದು ನಡುವೆ ನಿಂತ. ನೀರು ಎಲ್ಲಿಂದ? ಮಳೆ ನೀರು, ಕಲ್ಲಿನ ತೊಟ್ಟಿಯಲ್ಲಿ ಹಿಡಿಯುತ್ತೇವೆ. ಗೊಬ್ಬರ ಏನು? ರೋಗ ಏನು? ಮಕ್ಕಳು ತೋಟ ನೋಡುತ್ತಾರಾ? ಆ ಕೊನೆಯ ಪ್ರಶ್ನೆಗೆ ಮುದುಕ ಸ್ಪ್ಲಿಟ್ ಕಡೆ ಕೈ ತೋರಿಸಿದ. ದೊಡ್ಡಪ್ಪ ಬೆಂಗಳೂರಿನ ಹುಡುಗನ ಕಡೆ ಕೈ ತೋರಿಸಿದರು. ಹೊರಡುವಾಗ ಮುದುಕ ಎರಡು ಗೊಂಚಲು ದ್ರಾಕ್ಷಿ ಕೊಯ್ದು ಕೊಟ್ಟ. ಮರುದಿನವೂ ಯುಗೊ ನಿಲ್ಲಲಿಲ್ಲ. ಮರುದಿನವೂ ದೊಡ್ಡಪ್ಪ ಬಯಲಿಗೇ ಹೋದರು.

ಕಟ್ಟಿದ ಊಟದ ಹಣ ಹೋಯಿತು. ನೀಲಿ ಗುಹೆ ಕಾಣಲಿಲ್ಲ. ತೆಂಕಣ ಅಲೆ ಇದ್ದರೆ ಆ ಗುಹೆಯ ಬಾಯಿಗೆ ದೋಣಿ ಹೋಗಲಾಗದು, ಮುಚ್ಚಿಬಿಡುತ್ತಾರೆ. ಹುಡುಗನ ಹಾಳೆಯಲ್ಲಿ ಒಂದೇ ಒಂದು ಖಾಲಿ ದಿನ ಇದ್ದಿದ್ದರೆ ಗುಹೆಯೂ ಸಿಗುತ್ತಿತ್ತೋ ಏನೋ. ಅದಕ್ಕೇ ಮತ್ತೆ ಮತ್ತೆ ಹೇಳುತ್ತಿದ್ದೇನೆ, ಮೊದಲು ಗಾಳಿ, ಆಮೇಲೆ ಊರು.

ಅಯ್ಯೋ, ಗಡಿಯಾರ ನೋಡಿ ಎಂದು ಒಳಗಿನಿಂದ ಕೈ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ, ಬರೆದುಕೊಳ್ಳಿ.

ದೋಣಿ ಬಾಡಿಗೆ ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೆ. ಮೊದಲ ದಿನ ಸಂಜೆ ದೋಣಿ ಕೈಗೆ ಬರುತ್ತದೆ. ಶುಕ್ರವಾರ ಸಂಜೆಗೆ ವಾಪಸ್ ಬಂದಿರಬೇಕು. ಅಂದರೆ ವಾರ ಎಂದರೂ ಕೈಗೆ ಸಿಗುವುದು ಆರು ದಿನ. ಹಾಯಿದೋಣಿಯ ವೇಗ ಗಂಟೆಗೆ ಐದಾರು ನಾಟಿಕಲ್ ಮೈಲು, ಅಂದರೆ ಸುಮಾರು 10 ಕಿಲೋಮೀಟರ್. ಆದ್ದರಿಂದ ಮೂರು ದ್ವೀಪ ಸಾಕು. ಬ್ರಾಚ್, ಹ್ವಾರ್, ವಿಸ್. ಒಂದು ದಿನ ಖಾಲಿ ಬಿಡಿ. ಆ ದಿನ ಯಾವುದು ಎಂದು ಈಗಲೇ ಬರೆಯಬೇಡಿ, ಗಾಳಿ ಬಂದು ಹೇಳುತ್ತದೆ. ಯಾವ ಊಟಕ್ಕೂ ಮುಂಚೆ ಹಣ ಕಟ್ಟಬೇಡಿ.

ವಿಸ್ ಬಿಡಬೇಡಿ. ಕ್ರೊಯೇಷಿಯಾ ಯುಗೊಸ್ಲಾವಿಯ ದೇಶದ ಭಾಗವಾಗಿದ್ದ ಕಾಲದಲ್ಲಿ ಅದು ಸೇನೆಯ ನೆಲೆ. 1989ರವರೆಗೆ ಹೊರದೇಶದವರನ್ನು ಬಿಡುತ್ತಿರಲಿಲ್ಲ. ಹಾಗಾಗಿ ದೊಡ್ಡ ಹೋಟೆಲುಗಳ ಹಾವಳಿ ಅಲ್ಲಿ ಕಡಿಮೆ. ದ್ವೀಪದ ಪಡುವಣ ಬದಿಯ ಕೊಮಿಜ ಮೀನುಗಾರರ ಊರು. ನೀಲಿ ಗುಹೆಗೆ ಹತ್ತಿರ. ಗುಹೆಯೊಳಗೆ ನೀಲಿ ಬೆಳಕು ಚೆನ್ನಾಗಿ ಬೀಳುವುದು ಬೆಳಗ್ಗೆ ಹನ್ನೊಂದರ ಹೊತ್ತಿಗೆ.

ಸಮಯ? ಮೇ ಕೊನೆ, ಜೂನ್, ಇಲ್ಲವೇ ಸೆಪ್ಟೆಂಬರ್. ನಮ್ಮ ಮಳೆಗಾಲದಲ್ಲಿ ಮಲ್ಪೆಯ ಬೋಟುಗಳು ದಡದಲ್ಲಿ ಕೂತಿರುವಾಗ ಅಲ್ಲಿ ಹಾಯಿಯ ಹಂಗಾಮು. ಜುಲೈ, ಆಗಸ್ಟ್ ಮಾತ್ರ ಬೇಡ. ಜನ ಜಾಸ್ತಿ, ಬಾಡಿಗೆ ಜಾಸ್ತಿ. ಮಧ್ಯಾಹ್ನ ಮೂರರ ಮೇಲೆ ದಕ್ಕೆಯಲ್ಲಿ ಕಟ್ಟಲು ಜಾಗವೇ ಸಿಗುವುದಿಲ್ಲ.

ದೋಣಿ ನಡೆಸಲು ಅಲ್ಲಿ ಒಪ್ಪುವ ಲೈಸೆನ್ಸ್ ಬೇಕು, ರೇಡಿಯೊ ಬಳಸುವ ಪ್ರಮಾಣಪತ್ರವೂ ಬೇಕು. ಇಲ್ಲದವರು ಅಲ್ಲಿನ ಸ್ಕಿಪ್ಪರ್ ಒಬ್ಬರನ್ನು ಗೊತ್ತು ಮಾಡಿಕೊಳ್ಳಿ. ಅವರಿಗೆ ಸಂಬಳದ ಜೊತೆ ಮಲಗಲು ಜಾಗ, ಊಟ ನೀವೇ ಕೊಡಬೇಕು. ನೀವು ಆರು ಜನ ಇದ್ದರೆ ನಾಲ್ಕು ಕೋಣೆಯ ದೋಣಿ ತೆಗೆದುಕೊಳ್ಳಿ. ಮತ್ತೆ, ದಯವಿಟ್ಟು, ಆ ಸ್ಕಿಪ್ಪರ್ ಇವತ್ತು ಬೇಡ ಎಂದರೆ ಬೇಡ. ಹಣ ಕೊಟ್ಟಿದ್ದೇವೆ ಎಂದು ವಾದ ಮಾಡಬೇಡಿ.

ಗಟ್ಟಿ ಸೂಟ್‌ಕೇಸ್ ತರಬೇಡಿ, ದೋಣಿಯಲ್ಲಿ ಇಡಲು ಜಾಗವಿಲ್ಲ. ಮಡಚುವ ಬಟ್ಟೆ ಚೀಲ ತನ್ನಿ. ನೀರಿಗಿಳಿಯಲು ರಬ್ಬರ್ ಚಪ್ಪಲಿ ಬೇಕೇ ಬೇಕು. ಬಂಡೆಗಳ ಮೇಲೆ ಮುಳ್ಳಿನ ಕಡಲ ಜೀವಿಗಳು ಕೂತಿರುತ್ತವೆ. ಸಿಹಿನೀರು ತೊಟ್ಟಿಯಲ್ಲಿದ್ದಷ್ಟೇ, ಮಿತವಾಗಿ ಬಳಸಿ. ವಾಂತಿಯ ಮಾತ್ರೆಯನ್ನು ಹೊರಡುವ ಮೊದಲೇ ನುಂಗಬೇಕು. ಸಸ್ಯಾಹಾರಿಗಳು ಹೆದರಬೇಡಿ. ಸ್ಪ್ಲಿಟ್ ಅರಮನೆಯ ಮೂಡಣ ಗೋಡೆಗೆ ತಾಗಿಯೇ ತರಕಾರಿ ಮಾರುಕಟ್ಟೆ ಇದೆ, ದೋಣಿಯಲ್ಲಿ ಗ್ಯಾಸ್ ಒಲೆ ಇದೆ. ಸಾರಿನ ಪುಡಿ, ರವೆ ಜೊತೆಗಿಟ್ಟುಕೊಳ್ಳಿ.

ಕೊನೆಗೆ, ಎಲ್ಲರೂ ಕೇಳುವ ದುಬ್ರೊವ್ನಿಕ್. ಸುಂದರ ಊರು. ಸುತ್ತ 1,940 ಮೀಟರ್ ಕೋಟೆ ಗೋಡೆ, ಅದರ ಮೇಲೆ ಪೂರ್ತಿ ನಡೆಯಬಹುದು. 1808ರವರೆಗೆ ಅದು ಸ್ವತಂತ್ರ ಗಣರಾಜ್ಯ. ಹಡಗಿನ ವ್ಯಾಪಾರದಿಂದಲೇ ಬದುಕಿತು. ಆದರೆ ಸ್ಪ್ಲಿಟ್‌ನಿಂದ ಒಂದೇ ವಾರದಲ್ಲಿ ಹಾಯಿ ಹಾಕಿ ಅಲ್ಲಿಗೆ ಹೋಗಿ ಬರುತ್ತೇನೆ ಎನ್ನುವುದು ಬೇಡ. ದಿನವಿಡೀ ಓಟವೇ ಆಗುತ್ತದೆ. ದೋಣಿ ಒಪ್ಪಿಸಿ ಬಸ್ಸಿನಲ್ಲಿ ಹೋಗಿ. ಹಿಂದೆ ಆ ರಸ್ತೆ ನಡುವೆ ಬೋಸ್ನಿಯಾ ದೇಶದೊಳಗೆ ಹಾದು ಹೋಗುತ್ತಿತ್ತು. 2022ರಲ್ಲಿ ಪೆಲ್ಯೆಶಾತ್ಸ್ ಸೇತುವೆ ತೆರೆಯಿತು, ಅದರ ಮೇಲೆ ಹೋದರೆ ಆ ತೊಡಕಿಲ್ಲ. ನಮ್ಮ ಪಾಸ್‌ಪೋರ್ಟಿನವರಿಗೆ ಇದು ಮುಖ್ಯ. ಕ್ರೊಯೇಷಿಯಾ 2023ರಿಂದ ಷೆಂಗೆನ್ ವಲಯದಲ್ಲಿದೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನಲ್ಲಿ. ಬೋಸ್ನಿಯಾ ಅದರಲ್ಲಿಲ್ಲ. ಒಂದೇ ಸಲ ಪ್ರವೇಶಕ್ಕೆ ವೀಸಾ ಪಡೆದವರು ಗಡಿ ದಾಟಿದರೆ ಮತ್ತೆ ಒಳಗೆ ಬರಲಾಗದು. ಹಾಗಾಗಿ ಟಿಕೆಟ್ ಕೊಳ್ಳುವಾಗ, ಇದು ಸೇತುವೆಯ ಮೇಲೆ ಹೋಗುವ ಬಸ್ಸಾ ಎಂದು ಕೇಳಿಯೇ ಹತ್ತಿ. ನಮಸ್ಕಾರ.